ಧರ್ಮಾರ್ಥದ ಅಂಗಡಿ

ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದ ನನ್ನ ಕಿರಿಯ ಮಗಳು ಕಳೆದ ಚಳಿಗಾಲದಲ್ಲಿ ಒಂದು ದಿನ ದೂರವಾಣಿಯಲ್ಲಿ ಮಾತನಾಡುತ್ತ, ಉಣ್ಣೆಯ ಒಳ್ಳೆಯ ನಿಲುವಂಗಿಯೊಂದನ್ನು ಅತ್ಯಲ್ಪ ಬೆಲೆಗೆ ಕೊಂಡೆನೆಂದು ಸಂತೋಷದಿಂದ ತಿಳಿಸಿದಳು. ಎಲ್ಲಿ ಕೊಂಡೆಯೆಂದು ಕೇಳಲಾಗಿ, ಜನರು ತಮಗೆ ಬೇಡವಾದ ಬಟ್ಟೆಬರೆ, ಪುಸ್ತಕ, ಪಾತ್ರೆಪರಡಿಗಳನ್ನು ತಂದು ಉಚಿತವಾಗಿ ಒಪ್ಪಿಸುವ ಅಂಗಡಿಯೊಂದರಲ್ಲಿ ಎಂದೂ, ಅವುಗಳನ್ನು ಮಾರಿ ಬಂದ ಹಣವು ದೀನರ ಸಹಾಯಕ್ಕೆ ವಿನಿಯೋಗವಾಗುವುದೆಂದೂ ಹೇಳಿದಳು. ಪಾಠಶಾಲೆಯಲ್ಲಿ ಓದಿದ ನನ್ನ ಬಾಯಿಂದ ಥಟ್ಟನೆ ಹೊರಟ ಮಾತು, "ಅನ್ಯರು ತೊಟ್ಟದ್ದನ್ನು ತೊಡುವುದೇ, ಮಗಾ?" ಎಂದು. ಅವಳು ನಕ್ಕು, "ಅಪ್ಪಯ್ಯ, ಅಮ್ಮ ಹಬ್ಬದ ದಿನ ಉಡುವ ಹಸುರು ಸೀರೆ ಶಾರದೋತ್ಸವದ ಏಲಂನಲ್ಲಿ ನೀವೇ ಕೂಗಿ ತಂದದ್ದಲ್ಲವೆ? ಅದನ್ನು ಮೊದಲು ಕೊಂಡವರು ಯಾರು?" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದ ಉಪಾಧ್ಯಾಯನಿಗೆ ಆಗ ಉತ್ತರ ತೋಚಲಿಲ್ಲ.

ಆ ಪ್ರಶ್ನೆಯನ್ನು ಹಿಡಿದು ನಾನು ಈ ಕೆಲವು ತಿಂಗಳು ಮಾಡಿದ ವಿಚಾರವನ್ನು ವಾಚಕ ಮಹಾಶಯರ ಮುಂದಿಡುತ್ತೇನೆ. ಒಬ್ಬರು ಬಿಟ್ಟ ಪದಾರ್ಥವನ್ನು ಇನ್ನೊಬ್ಬರು ಕೊಳ್ಳುವುದೂ, ಆ ಹಣ ಧರ್ಮಕಾರ್ಯಕ್ಕೆ ಹೋಗುವುದೂ ನಮಗೆ ತೀರ ಹೊಸತೇ? ಹೊಸತಲ್ಲವಾದರೆ, ಅದರಲ್ಲಿ ನಮಗೆ ತೋರುವ ಸಂಕೋಚ ಎಲ್ಲಿಂದ ಬಂದಿತು? ಇವೆರಡೇ ಇಲ್ಲಿಯ ವಿಚಾರ.

ಮೊದಲು ಪಶ್ಚಿಮದ ಸಂಗತಿಯನ್ನು ಹೇಳುವೆನು. ಇಂಥ ಅಂಗಡಿಗಳ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ಅಮೇರಿಕೆಯ ಬಾಸ್ಟನ್ ನಗರದಲ್ಲಿ ಬಡವರ ಕೇರಿಯೊಂದರಲ್ಲಿ ಧರ್ಮೋಪದೇಶಕರಾಗಿದ್ದ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿಗಳು 1902ನೆಯ ಇಸವಿಯಲ್ಲಿ ಒಂದು ಕೆಲಸವನ್ನು ಕೈಗೊಂಡರು. ಕಾಫಿಬೀಜ ತುಂಬಿ ಬರುತ್ತಿದ್ದ ಗೋಣಿಚೀಲಗಳನ್ನು ಹೊತ್ತು ಸಿರಿವಂತರ ಮನೆಗಳಿಗೆ ಹೋಗಿ, ಅವರಿಗೆ ಬೇಡವಾದ ಉಡುಪುಗಳನ್ನೂ ಗೃಹೋಪಕರಣಗಳನ್ನೂ ಸಂಗ್ರಹಿಸಿದರು. ಹರಿದುದನ್ನು ಹೊಲಿಯುವುದಕ್ಕೂ ಮುರಿದುದನ್ನು ಕೂಡಿಸುವುದಕ್ಕೂ ಕೆಲಸವಿಲ್ಲದ ಬಡವರನ್ನೇ ನೇಮಿಸಿ, ಹೀಗೆ ಸರಿಪಡಿಸಿದ ಪದಾರ್ಥಗಳನ್ನು ಸ್ವಲ್ಪ ಬೆಲೆಗೆ ಮಾರಿ, ಬಂದ ಹಣದಿಂದ ಅವರಿಗೆ ಕೂಲಿ ಕೊಟ್ಟರು. ಗುಡ್‌ವಿಲ್ ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೂಲ ಇದೇ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ರೆಡ್‌ಕ್ರಾಸ್ ಸಂಘವು ಗಾಯಾಳುಗಳ ಸಹಾಯಾರ್ಥ ಇಂಥ ಅಂಗಡಿಗಳನ್ನು ತೆರೆಯಿತು. ಅದೇ ಯುದ್ಧದಲ್ಲಿ ಗ್ರೀಸ್ ದೇಶದಲ್ಲಿ ಕ್ಷಾಮ ತಲೆದೋರಲು, ಅಲ್ಲಿಯ ಜನರ ರಕ್ಷಣೆಗಾಗಿ 1942ರಲ್ಲಿ ಆಕ್ಸ್‌ಫರ್ಡ್ ನಗರದ ಕೆಲವು ಸಜ್ಜನರು ಒಂದು ಸಮಿತಿಯನ್ನು ರಚಿಸಿಕೊಂಡರು. ಮುಂದೆ ಆಕ್ಸ್‌ಫ್ಯಾಮ್ ಎಂದು ಹೆಸರಾದ ಆ ಸಮಿತಿಯು ಆ ದಶಕದ ಕೊನೆಯಲ್ಲಿ ಅದೇ ನಗರದ ಬ್ರಾಡ್ ಬೀದಿಯಲ್ಲಿ ತೆರೆದ ಅಂಗಡಿಯು ಮುಂದೆ ಹುಟ್ಟಿದ ನೂರಾರು ಅಂಗಡಿಗಳಿಗೆ ಮಾದರಿಯಾಯಿತು.

ಈ ಅಂಗಡಿಗಳ ಕ್ರಮ ಸರಳವಾದುದು. ಪದಾರ್ಥವನ್ನು ತಂದುಕೊಟ್ಟವನಿಗೆ ಹಣ ಸಲ್ಲದು. ಅಂಗಡಿಯಲ್ಲಿ ನಿಂತು ಆರಿಸಿ, ಒಗೆದು, ಮಡಿಸಿ, ಬೆಲೆ ಬರೆದಿಡುವವರು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವವರು. ಕೊಳ್ಳುವವನನ್ನು ನೀನು ಬಡವನೋ ಬಲ್ಲಿದನೋ ಎಂದು ಯಾರೂ ಕೇಳುವುದಿಲ್ಲ. ಆ ಉಡುಪನ್ನು ಕೊಟ್ಟವರು ಯಾರೆಂಬುದು ಅವನಿಗೆ ತಿಳಿಯದು. ಅದನ್ನು ತೊಡುವವರು ಯಾರೆಂಬುದು ಕೊಟ್ಟವರಿಗೂ ತಿಳಿಯದು. ಈ ಎರಡು ಅಜ್ಞಾತಗಳ ನಡುವೆ ನಿಂತಿರುವುದು ಒಂದು ಚಿಕ್ಕ ಬೆಲೆ. ಆ ಬೆಲೆಯನ್ನು ತೆತ್ತವನು ಯಾಚಕನಾಗದೆ ಗ್ರಾಹಕನಾಗುತ್ತಾನೆ. ಹಣವು ಧರ್ಮಕ್ಕೆ ಸಲ್ಲುವುದರಿಂದ ತಾನೂ ಕಿಂಚಿತ್ ದಾನಿಯಾಗುತ್ತಾನೆ.

ಇನ್ನು ನಮ್ಮ ಶಾಸ್ತ್ರಗಳ ಕಡೆಗೆ ನೋಡೋಣ. ನನ್ನ ಬಾಯಿಂದ ಬಂದ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಇತರರು ಧರಿಸಿದ ಪಾದರಕ್ಷೆ, ವಸ್ತ್ರ, ಯಜ್ಞೋಪವೀತ, ಆಭರಣ, ಪುಷ್ಪಮಾಲೆ, ಕಮಂಡಲು ಇವುಗಳನ್ನು ಧರಿಸಲಾಗದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಸ್ನಾತಕನ ಧರ್ಮವನ್ನು ಹೇಳುವಾಗ ವಿಧಿಸಿದೆ. ಶುಚಿತ್ವದ ದೃಷ್ಟಿಯಿಂದ ಹೇಳಿದ ಮಾತೆಂದು ಇದನ್ನು ನಾವು ಪಾಠಶಾಲೆಯಲ್ಲಿ ಕಲಿತೆವು. ಆದರೆ ಅದೇ ಗ್ರಂಥದ ಹತ್ತನೆಯ ಅಧ್ಯಾಯವನ್ನು ತೆರೆದರೆ, ಸೇವಕನಾದ ಶೂದ್ರನಿಗೆ ಉಂಡು ಮಿಕ್ಕ ಅನ್ನವನ್ನೂ ಜೀರ್ಣವಾದ ವಸ್ತ್ರಗಳನ್ನೂ ಕೊಡತಕ್ಕದ್ದೆಂಬ ವಿಧಿಯೂ, ಚಂಡಾಲರು ಶವದ ಮೇಲಣ ಬಟ್ಟೆಯನ್ನು ಉಡತಕ್ಕದ್ದೆಂಬ ವಿಧಿಯೂ ಕಾಣಬರುತ್ತವೆ. ಈ ವಚನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಅನ್ಯರ ಹಳೆಯ ಬಟ್ಟೆಯನ್ನು ಉಡದಿರುವುದು ಮೇಲಿನವನ ಲಕ್ಷಣ. ಉಡುವುದು ಕೆಳಗಿನವನ ಲಕ್ಷಣ. ಹಳೆಯ ವಸ್ತ್ರಕ್ಕೆ ನಮ್ಮಲ್ಲಿ ಅಂಟಿದ ನಾಚಿಕೆಯು ಕೇವಲ ಕೊಳೆಯ ನಾಚಿಕೆಯಾಗಿದ್ದರೆ ಒಂದು ಅಗಸನ ಕಲ್ಲಿನ ಮೇಲೆ ಹೋಗುತ್ತಿದ್ದಿತು. ಅದು ಅಂತಸ್ತಿನ ನಾಚಿಕೆಯಾದುದರಿಂದಲೇ ಎಷ್ಟು ಒಗೆದರೂ ಹೋಗಲಿಲ್ಲ. ಈ ಎರಡು ಅಧ್ಯಾಯಗಳನ್ನು ಜೊತೆಗೆ ಓದುವ ಧೈರ್ಯ ನನಗೆ ವೃದ್ಧಾಪ್ಯದಲ್ಲಿ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಹಾಗೆಂದು ಪ್ರಾಚೀನ ಭಾರತದಲ್ಲಿ ಹಳೆಯ ಪದಾರ್ಥಗಳ ವ್ಯಾಪಾರವೇ ಇರಲಿಲ್ಲವೆಂದು ತಿಳಿಯಬಾರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪಂಡಿತರಾದ ಆರ್. ಶಾಮಶಾಸ್ತ್ರಿಗಳು ತಾಳೆಯ ಓಲೆಗಳಿಂದ ಶೋಧಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಸ್ಪಷ್ಟವಾದ ನಿಯಮವಿದೆ. ಹಳೆಯ ಸರಕನ್ನು ಮಾರುವವನು ಅಥವಾ ಅಡವಿಡುವವನು ಅದು ತನ್ನದೇ ಎಂಬುದನ್ನು ಸಿದ್ಧಪಡಿಸಬೇಕು. ಆ ಬಳಿಕವೇ ಪೇಟೆಯ ಅಧ್ಯಕ್ಷನು ಅದಕ್ಕೆ ಅನುಮತಿ ಕೊಡಬೇಕು. ಕದ್ದ ಮಾಲು ಹಳೆಯ ಮಾಲಿನ ವೇಷದಿಂದ ಪೇಟೆಗೆ ಬರುವುದೆಂಬುದನ್ನು ಆ ನೀತಿಜ್ಞನು ಚೆನ್ನಾಗಿ ಬಲ್ಲವನಾಗಿದ್ದನು. ಅಗಸರ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆ ಇದೆ. ಮುದ್ಗರದ ಗುರುತಿಲ್ಲದ ಬಟ್ಟೆಯನ್ನು ಅಗಸನು ಉಟ್ಟರೆ ಮೂರು ಪಣ ದಂಡ. ಒಗೆಯಲು ಬಂದ ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಅಡವಿಟ್ಟರೆ ಹನ್ನೆರಡು ಪಣ ದಂಡ. ಇಷ್ಟು ದಂಡಗಳನ್ನು ವಿಧಿಸಬೇಕಾಗಿದ್ದಿತೆಂದ ಮೇಲೆ, ಉಟ್ಟ ಬಟ್ಟೆಯನ್ನು ಕೊಳ್ಳುವವರೂ ಬಾಡಿಗೆಗೆ ಪಡೆದು ಉಡುವವರೂ ಅಂದಿನ ನಗರಗಳಲ್ಲಿ ಇದ್ದರೆಂಬುದರಲ್ಲಿ ಸಂದೇಹವಿಲ್ಲ.

ಈ ನಾಚಿಕೆಯನ್ನು ಬುದ್ಧಿಪೂರ್ವಕವಾಗಿ ತೊರೆದವರು ಬೌದ್ಧ ಭಿಕ್ಷುಗಳು. ಬೀದಿಯಲ್ಲಿಯೂ ಶ್ಮಶಾನದಲ್ಲಿಯೂ ಬಿದ್ದ ಚಿಂದಿಗಳನ್ನು ಹೊಲಿದು ಉಡುವ ಪಾಂಸುಕೂಲ ವ್ರತವು ಅವರಲ್ಲಿ ಗೌರವದ್ದಾಗಿದ್ದಿತು. ವಿನಯಪಿಟಕದಲ್ಲಿ ಒಂದು ಕಥೆಯುಂಟು. ಕೌಶಾಂಬಿಯ ಉದಯನ ರಾಜನ ಅಂತಃಪುರದವರು ಆನಂದನಿಗೆ ಐನೂರು ವಸ್ತ್ರಗಳನ್ನು ಕೊಟ್ಟರು. ಇಷ್ಟು ಬಟ್ಟೆ ಒಬ್ಬ ಸಂನ್ಯಾಸಿಗೆ ಏತಕ್ಕೆಂದು ಅರಸನು ಕೇಳಲು, ಚೀವರ ಸವೆದವರಿಗೆ ಹಂಚುವೆನೆಂದು ಆನಂದನು ಹೇಳಿದನು. ಸವೆದ ಹಳೆಯ ಚೀವರಗಳೇನಾಗುವುವು? ಹಾಸಿಗೆಯ ಹೊದಿಕೆಯಾಗುವುವು. ಹಳೆಯ ಹೊದಿಕೆ ನೆಲಹಾಸಾಗುವುದು. ಹಳೆಯ ನೆಲಹಾಸು ಕಾಲೊರಸುವ ಅರಿವೆಯಾಗುವುದು. ಅದೂ ಹಳತಾದರೆ ಧೂಳು ಕೊಡಹುವ ಅರಿವೆಯಾಗುವುದು. ಕಡೆಗೆ ಅದನ್ನು ಚೂರುಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುವೆವು ಎಂದು ಅವನು ಕ್ರಮವಾಗಿ ಉತ್ತರಿಸಿದನು. ಅರಸನು ಸಂತುಷ್ಟನಾಗಿ ಇನ್ನೂ ಐನೂರು ವಸ್ತ್ರಗಳನ್ನು ಕೊಡಿಸಿದನಂತೆ.

ಆನಂದನ ಈ ಕ್ರಮ ನಮ್ಮ ಅಜ್ಜಿಯರಿಗೆ ಯಾರೂ ಕಲಿಸದೆಯೇ ತಿಳಿದಿದ್ದಿತು. ಹಳೆಯ ಸೀರೆಯು ಬಾಣಂತಿಯ ಕೋಣೆಯಲ್ಲಿ ತೊಟ್ಟಿಲ ಬಟ್ಟೆಯಾಗಿ, ಮೆತ್ತನೆಯ ಹಾಸಾಗಿ, ಕಟ್ಟಕಡೆಗೆ ಅಡಿಗೆಮನೆಯ ಮಸಿಅರಿವೆಯಾಗಿ ಮುಗಿಯುತ್ತಿದ್ದಿತು. ಬಯಲುಸೀಮೆಯಲ್ಲಿ ಅದು ಕೌದಿಯಾಗುತ್ತಿದ್ದಿತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದುದನ್ನೂ, ಎರಡು ಪಂಚೆ ಒಂದು ಸೀರೆಗೆ ಒಂದು ತಟ್ಟೆಯೋ ಲೋಟವೋ ಎಂದು ಜಗಲಿಯಲ್ಲಿ ನಡೆಯುತ್ತಿದ್ದ ಚೌಕಾಸಿಯನ್ನೂ ನನ್ನ ವಯಸ್ಸಿನವರು ಮರೆತಿರಲಾರರು. ಆದರೆ ಇವೆಲ್ಲವುಗಳಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಸ್ತ್ರವು ಮನೆಯೊಳಗೆ ಇರುವ ತನಕ ಎಷ್ಟು ರೂಪ ತಾಳಿದರೂ ಸಂಕೋಚವಿಲ್ಲ. ಹೊಸ್ತಿಲು ದಾಟಿದೊಡನೆ ಅದು ಕಾಣದ ಕಡೆಗೆ ಹೋಗಿಬಿಡಬೇಕು; ನೆರೆಮನೆಯವರ ಮೈಮೇಲೆ ಕಾಣಿಸಿಕೊಳ್ಳಲಾಗದು. ಮನೆಯ ಕೆಲಸದವರ ಮೈಮೇಲೆ ಕಾಣಿಸಿಕೊಂಡರೆ ಮಾತ್ರ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಹತ್ತನೆಯ ಅಧ್ಯಾಯವನ್ನು ಓದದವರೂ ಅದನ್ನು ಆಚರಿಸುತ್ತಿದ್ದರು.

ಇಂಥ ನಾಡಿನಲ್ಲಿ, ಒಬ್ಬರು ಕೊಟ್ಟ ಪದಾರ್ಥವನ್ನು ಇನ್ನೊಬ್ಬರು ಎಲ್ಲರೆದುರು ಸಂತೋಷದಿಂದ ಒಯ್ಯುವ ಒಂದು ಸ್ಥಳವೂ ಇದ್ದಿತು, ಇಂದಿಗೂ ಇದೆ. ಅದೇ ದೇವರ ಅಂಗಳದ ಏಲಂ. ಉಡುಪಿ, ಕಾಪು, ಕಾರ್ಕಳ ಸೀಮೆಯಲ್ಲಿ ಗಣೇಶೋತ್ಸವ, ಶಾರದೋತ್ಸವ, ಭಜನಾ ಮಂಗಲೋತ್ಸವ ಇವುಗಳ ಕೊನೆಯ ಹೊತ್ತಿನಲ್ಲಿ ಇದನ್ನು ಕಾಣದವರು ವಿರಳ. ಭಕ್ತರು ಒಪ್ಪಿಸಿದ ಬಾಳೆಗೊನೆ, ಎಳನೀರಿನ ಗೊನೆ, ಹೊಸ ಸೌತೆ, ಅಡಿಕೆಯ ಗೊನೆ, ಪಂಚೆ, ಬೈರಾಸು, ದೇವಿಗೆ ಉಡಿಸಿದ ಸೀರೆ ಇವನ್ನೆಲ್ಲ ಒಬ್ಬನು ಮೇಲಕ್ಕೆತ್ತಿ ಹಿಡಿದು ಕೂಗುತ್ತಾನೆ. ಹತ್ತು ರೂಪಾಯಿಯ ಸೌತೆಕಾಯಿ ನೂರಕ್ಕೆ ಏರುತ್ತದೆ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ಮುಗಿದ ಮೇಲೆ ಅದು ಒಬ್ಬನ ಪಾಲಾಗುತ್ತದೆ. ಕೈಯಲ್ಲಿ ಹಣವಿಲ್ಲದವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ಕೊಯ್ಲಾದ ಬಳಿಕ ಕೊಟ್ಟರೂ ಆಯಿತೆನ್ನುವ ವಾಡಿಕೆಯೂ ಹಲವೆಡೆ ಉಂಟು. ಹಣವು ಮುಂದಿನ ವರ್ಷದ ಉತ್ಸವಕ್ಕೋ ಮಂದಿರದ ಮಾಡಿಗೋ ಸಲ್ಲುತ್ತದೆ. ಇದು ಹಿಂದೂಗಳಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಕರಾವಳಿಯ ಇಗರ್ಜಿಗಳಲ್ಲಿಯೂ ಹಬ್ಬದ ಪೂಜೆಯ ಬಳಿಕ, ಮನೆಮನೆಯಿಂದ ತಂದ ತರಕಾರಿ, ಹಣ್ಣು, ಕಬ್ಬುಗಳನ್ನು ಹೀಗೆಯೇ ಕೂಗುತ್ತಾರೆ. ಜೈನರಲ್ಲಿ ಮಹಾಮಸ್ತಕಾಭಿಷೇಕದ ಕಲಶವನ್ನು ದ್ರವ್ಯವಿತ್ತು ಪಡೆಯುವ ಪದ್ಧತಿಯು ಇದರ ಸಮೀಪದ ಬಂಧು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟಸ್ವಾಮಿಯ ಪಾದದಲ್ಲಿಯೂ, ಅಲ್ಲಿಗೆ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಸಾಂತ್‌ಮಾರಿ ಜಾತ್ರೆಯಲ್ಲಿಯೂ, ಕಾಪುವಿನ ಮಾರಿಗುಡಿಗಳ ಸುಗ್ಗಿಪೂಜೆಯಲ್ಲಿಯೂ ಕೊಡುವುದು, ಕೊಳ್ಳುವುದು, ಹರಕೆ ತೀರಿಸುವುದು ಇವು ಮೂರೂ ಒಂದೇ ಸಂದಣಿಯಲ್ಲಿ ನಡೆಯುವುವು.

ಇದಕ್ಕೆ ಬಳಸುವ ಮಾತುಗಳೂ ಕುತೂಹಲಕರವಾಗಿವೆ. ಏಲಂ ಎಂಬುದು ಪೋರ್ಚುಗೀಸರ 'ಲೆಯ್ಲಾಂವ್' ಎಂಬ ಪದದಿಂದ ಬಂದುದು. ಲಿಲಾವು ಎಂಬುದೂ ಅದರ ರೂಪಾಂತರವೇ. ಘಟ್ಟದ ಮೇಲಿನವರು ಹೇಳುವ ಹರಾಜು ಎಂಬುದು ಅರಬರ ಮಾತು. ಕೂಗುವ ಬೆಲೆಗೆ ಹೇಳುವ ಸವಾಲು ಎಂಬುದೂ ಅರಬ್ಬಿಯದೇ; ಅದರ ಮೂಲಾರ್ಥ ಪ್ರಶ್ನೆ. ಹಳೆಯ ಸಾಮಾನಿನ ಅಂಗಡಿಗೆ ನಾವು ಕರೆಯುವ ಗುಜರಿ ಎಂಬ ಹೆಸರು ಉರ್ದುವಿನದು. ದಾರಿಯ ಬದಿಯಲ್ಲಿ ಸಂಜೆ ಕೂಡುವ ಪೇಟೆಯೆಂದು ಅದರ ಅರ್ಥ. ಹೀಗೆ ಮಾತುಗಳೆಲ್ಲ ಹಡಗಿನಲ್ಲಿಯೂ ದಂಡಿನೊಡನೆಯೂ ಹೊರಗಿನಿಂದ ಬಂದವು. ಆದರೆ ದೇವರ ಅಂಗಳದಲ್ಲಿ ಅವುಗಳಿಗೆ ದೊರೆತ ಅರ್ಥ ಮಾತ್ರ ನಮ್ಮದು. ಆ ಅರ್ಥವನ್ನು ತಿಳಿಸುವ ಪದವು ಸಂಸ್ಕೃತದಲ್ಲಿದೆ: ಶೇಷವಸ್ತ್ರ. ದೇವರಿಗೆ ಸಮರ್ಪಿಸಿ ಮಿಕ್ಕ ವಸ್ತ್ರವು ಶೇಷವಸ್ತ್ರ. ಅನ್ಯರು ಉಟ್ಟದ್ದನ್ನು ಉಡಬಾರದೆಂಬ ನಾವು, ದೇವಿಯು ಉಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಉಡುತ್ತೇವೆ. ವಸ್ತ್ರವು ದೇವರ ಕೈದಾಟಿದೊಡನೆ ಕೊಟ್ಟವನ ಹೆಸರು ಅದರಿಂದ ಅಳಿದುಹೋಗುತ್ತದೆ. ಬೆಲೆ ತೆತ್ತವನು ಯಾರ ಋಣಕ್ಕೂ ಒಳಗಾಗುವುದಿಲ್ಲ. ಆಕ್ಸ್‌ಫರ್ಡಿನ ಅಂಗಡಿಯು ಮೇಜಿನ ಮೇಲಿನ ಬೆಲೆಚೀಟಿಯಿಂದ ಸಾಧಿಸಿದುದನ್ನೇ ನಮ್ಮ ಹಿರಿಯರು ದೇವರನ್ನು ಮಧ್ಯಸ್ಥನನ್ನಾಗಿ ಮಾಡಿಕೊಂಡು ಸಾಧಿಸಿದ್ದರು. ಮಗಳ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದು.

ಉಳಿದ ಅರ್ಧವನ್ನು ಹೇಳುವುದಕ್ಕೆ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. 1970ರ ಆಚೀಚೆಯ ಮಾತು. ನಾವು ನಾಲ್ವರು ಮಕ್ಕಳು. ತಂದೆಯವರದು ಪೌರೋಹಿತ್ಯದ ಅಲ್ಪ ಆದಾಯ. ನಾನು ಓದುತ್ತಿದ್ದ ಪಾಠಶಾಲೆಯ ಸಮೀಪದ ಶ್ರೀಮಂತರ ಮನೆಯೊಂದರಲ್ಲಿ ನನಗೆ ವಾರದಲ್ಲಿ ಒಂದು ದಿನದ ಊಟ. ಆ ಮನೆಯ ಯಜಮಾನಿತಿಯು ಕರುಣೆಯುಳ್ಳವಳು. ಒಂದು ದಿನ ಊಟವಾದ ಮೇಲೆ ತನ್ನ ಮಗನಿಗೆ ಗಿಡ್ಡವಾಗಿದ್ದ ಒಂದು ಅಂಗಿಯನ್ನು ನನಗೆ ಕೊಟ್ಟಳು. ಕಿಸೆಯ ಬಳಿ ಹರಿದಿದ್ದುದನ್ನು ಹಸುರು ನೂಲಿನಿಂದ ಹೊಲಿದಿದ್ದಿತು. ಮರುದಿನ ಅದನ್ನು ತೊಟ್ಟು ತರಗತಿಗೆ ಹೋದೆನು. ಆ ಮಗನೂ ನನ್ನ ತರಗತಿಯವನೇ. ಅವನು ಕೆಟ್ಟವನಲ್ಲ, ಹಸುರು ನೂಲನ್ನು ಕಂಡು ಆಶ್ಚರ್ಯದಿಂದ, "ಏ, ಇದು ನನ್ನ ಅಂಗಿಯಲ್ಲವೋ!" ಎಂದುಬಿಟ್ಟನು. ಇಪ್ಪತ್ತು ಮಂದಿ ಹುಡುಗರು ತಿರುಗಿ ನೋಡಿದರು. ಆ ದಿನದ ಪಾಠ ಅಮರಕೋಶವೆಂಬುದು ನನಗೆ ನೆನಪಿದೆ. ಪಾಠದ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಆಮೇಲೆ ಆ ಅಂಗಿಯನ್ನು ನಾನು ತೊಡಲಿಲ್ಲ. ಆ ಮನೆಯ ಊಟಕ್ಕೂ ಹೊಟ್ಟೆನೋವಿನ ನೆವ ಹೇಳಿ ಎರಡು ವಾರ ಹೋಗಲಿಲ್ಲ.

ಅದೇ ವರ್ಷ ನಮ್ಮೂರ ಭಜನಾ ಮಂದಿರದ ಏಲಂನಲ್ಲಿ ತಂದೆಯವರು ಒಂದು ಪಂಚೆಯನ್ನು ಕೂಗಿದರು. ಎದುರು ಕೂಗುವವರು ಇಬ್ಬರು ಇದ್ದರು. ಪಂಚೆ ನಮ್ಮ ಪಾಲಾಯಿತು. ಹಣವನ್ನು ತಂದೆಯವರು ಎರಡು ಕಂತಿನಲ್ಲಿ ತೀರಿಸಿದರು. ಅದನ್ನು ಉಟ್ಟುಕೊಂಡು ನಾನು ಪಾಠಶಾಲೆಗೆ ಹೋದಾಗ, ಎಲ್ಲಿಯದೆಂದು ಕೇಳಿದವರಿಗೆಲ್ಲ, "ಏಲಂನಲ್ಲಿ ಹಿಡಿದದ್ದು" ಎಂದು ಎದೆಯುಬ್ಬಿಸಿ ಹೇಳಿದೆನು. ಅಂಗಿಯೂ ಪರರು ಕೊಟ್ಟದ್ದೇ, ಪಂಚೆಯೂ ಪರರು ಕೊಟ್ಟದ್ದೇ. ಅಂಗಿಗೆ ಒಬ್ಬ ಯಜಮಾನನಿದ್ದನು. ಪಂಚೆಗೆ ಒಂದು ಬೆಲೆಯಿದ್ದಿತು. ಇಷ್ಟೇ ಅಂತರ.

ಆದರೆ ನನ್ನ ತಂದೆಯವರಿಗೆ ಆ ಅಂಗಳದಲ್ಲಿ ನಿಂತು ಕೂಗುವ ಅಧಿಕಾರವಿದ್ದಿತು. ಎಲ್ಲರಿಗೂ ಅದು ಇದ್ದಿತೇ ಎಂದು ಕೇಳಿಕೊಳ್ಳದೆ ಈ ಚರಿತ್ರೆಯನ್ನು ಮುಗಿಸುವುದು ಅಪ್ರಾಮಾಣಿಕವಾಗುತ್ತದೆ. ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಎಲ್ಲ ಜಾತಿಯ ಹಿಂದೂಗಳಿಗೂ ದೇವಾಲಯಪ್ರವೇಶದ ಹಕ್ಕನ್ನು ಕೊಡುವ ಕಾಯಿದೆ ಬಂದುದು 1947ರಲ್ಲಿ. ಅದಕ್ಕೆ ಮೊದಲು, ಯಾರಿಗೆ ಜೀರ್ಣವಸ್ತ್ರವೇ ತಕ್ಕುದೆಂದು ಸ್ಮೃತಿಯು ವಿಧಿಸಿತ್ತೋ ಅವರೇ ದೇವರ ಅಂಗಳದ ಹೊರಗೆ ನಿಂತವರಾಗಿದ್ದರು. ನಾಚಿಕೆಯನ್ನು ತೊಳೆಯುವ ತೀರ್ಥವು ನಮ್ಮಲ್ಲಿ ಇದ್ದಿತು. ಅದು ಹೆಚ್ಚಾಗಿ ಬೇಕಾಗಿದ್ದವರಿಗೆ ಅದರ ದಾರಿ ಮುಚ್ಚಿದ್ದಿತು. ಬೀದಿಗೆ ಬಾಗಿಲು ತೆರೆದ ಅಂಗಡಿಯು ದೇವರ ಅಂಗಳಕ್ಕಿಂತ ಒಂದು ವಿಷಯದಲ್ಲಿ ಮೇಲೆಂದು ನನಗೆ ತೋರಿದುದು ಈ ಕಾರಣದಿಂದ.

ಈ ಸಂದರ್ಭದಲ್ಲಿ ಮಹಾತ್ಮರ ನಡತೆಯನ್ನು ಸ್ಮರಿಸದಿರಲಾಗದು. 1921ರ ಜುಲೈ 31ರಂದು ಮುಂಬಯಿಯಲ್ಲಿ ವಿದೇಶೀ ವಸ್ತ್ರಗಳ ರಾಶಿಗೆ ಬೆಂಕಿಯಿಟ್ಟಾಗ, ಬೆತ್ತಲೆಯಿರುವ ಬಡವರಿಗೆ ಅವನ್ನು ಕೊಡಬಹುದಾಗಿತ್ತಲ್ಲ ಎಂಬ ಆಕ್ಷೇಪವು ದೊಡ್ಡವರಿಂದಲೇ ಬಂದಿತು. ಅದೇ ವರ್ಷದ ಅಕ್ಟೋಬರದಲ್ಲಿ ರವೀಂದ್ರನಾಥ ಠಾಕೂರರ ಲೇಖನಕ್ಕೆ ಉತ್ತರ ಬರೆಯುತ್ತ ಗಾಂಧೀಜಿಯವರು, ಬಡವರಿಗೆ ಬೇಕಾದುದು ಕೆಲಸವೆಂದೂ, ಕೆಲಸದ ಬದಲು ಬಟ್ಟೆ ಕೊಟ್ಟು ಅವರನ್ನು ಅವಮಾನಿಸಲಾರೆನೆಂದೂ, ತಾವು ಬಿಸುಟ ಬಟ್ಟೆಯನ್ನು ಅವರಿಗೆ ಕೊಡುವುದಿಲ್ಲವೆಂದೂ ಖಂಡಿತವಾಗಿ ತಿಳಿಸಿದರು. ಅದೇ ಮಹಾತ್ಮರು 1933-34ರ ಹರಿಜನ ಯಾತ್ರೆಯಲ್ಲಿ ತಮಗೆ ಬಂದ ಕಾಣಿಕೆಗಳನ್ನೂ, ಮಾನಪತ್ರಗಳನ್ನೂ, ಅವುಗಳ ಕರಂಡಕಗಳನ್ನೂ, ಸ್ತ್ರೀಯರು ಬಿಚ್ಚಿಕೊಟ್ಟ ಆಭರಣಗಳನ್ನೂ ಸಭೆಗಳಲ್ಲಿಯೇ ತಾವೇ ಕೂಗಿ ಏಲಂ ಹಾಕುತ್ತಿದ್ದರು; ಹಣವು ಹರಿಜನ ನಿಧಿಗೆ ಸಲ್ಲುತ್ತಿದ್ದಿತು. ಆ ಯಾತ್ರೆಯಲ್ಲಿ 1934ರ ಫೆಬ್ರುವರಿಯಲ್ಲಿ ಅವರು ಉಡುಪಿಗೂ ಬಂದರು. ದೇಗುಲದ ಗೋಡೆಯೊಳಗಿನ ಏಲಂ ಅನ್ನು ಎಲ್ಲರೂ ನಿಲ್ಲಬಹುದಾದ ಬಯಲಿಗೆ ತಂದವರು ಅವರೆಂದು ಹೇಳಿದರೆ ತಪ್ಪಾಗದು.

ಉಡುಪಿಯು ಮಿತವ್ಯಯಕ್ಕೆ ಹೆಸರಾದ ಊರು. 1925ರಲ್ಲಿ ಇಲ್ಲಿ ಸ್ಥಾಪಿತವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿ ಬಡವರಿಗೂ ಉಳಿತಾಯವನ್ನು ಕಲಿಸಿತು. ಹಣವನ್ನು ಉಳಿಸುವುದರಲ್ಲಿ ಇಷ್ಟು ಜಾಣರಾದ ನಾವು ಪದಾರ್ಥವನ್ನು ಉಳಿಸುವುದರಲ್ಲಿ ಇತ್ತೀಚೆಗೆ ಹಿಂದೆ ಬಿದ್ದಿದ್ದೇವೆ. ಹಳೆಯ ಮನೆಗಳನ್ನು ಕೆಡಹಿ ಕಂಬ, ಬಾಗಿಲು, ತೊಲೆಗಳನ್ನು ಸೌದೆಯ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ, ಅವುಗಳ ಬೆಲೆಯನ್ನು ಅರಿತವರು ದಿವಂಗತ ವಿಜಯನಾಥ ಶೆಣೈಯವರು. ಜನರು ಬೇಡವೆಂದು ಬಿಸುಟುದನ್ನು ಅವರು ದಶಕಗಳ ಕಾಲ ಹುಡುಕಿ ಹುಡುಕಿ ತಂದರು. ಕಾಪುವಿನ ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಮೊದಲಾದುವನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ಕಾಲವಾದರು. ಒಂದು ಮನೆಯವರಿಗೆ ಕಸವಾದುದು ನಾಡಿಗೆ ನಿಧಿಯಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ಮಣಿಪಾಲದಲ್ಲಿ ದೂರದೂರದ ಪ್ರಾಂತಗಳಿಂದ ಬಂದ ವಿದ್ಯಾರ್ಥಿಗಳು ವ್ಯಾಸಂಗ ಮುಗಿಸಿ ಊರಿಗೆ ಹೊರಡುವಾಗ, ಒಯ್ಯಲಾರದ ಹಾಸಿಗೆ, ಬಾಲ್ದಿ, ಮೇಜಿನ ದೀಪ, ಪುಸ್ತಕ, ಇನ್ನೂ ಗಟ್ಟಿಯಿರುವ ಬಟ್ಟೆಗಳನ್ನು ಬಿಟ್ಟುಹೋಗುವುದನ್ನು ನಾನು ಸಂಜೆ ತಿರುಗಾಡುವಾಗ ಕಂಡಿದ್ದೇನೆ. ಅದರಲ್ಲಿ ಅಷ್ಟಿಷ್ಟು ಗುಜರಿಯವರ ಪಾಲಾಗುತ್ತದೆ. ಉಳಿದುದು ಕಸದ ಗಾಡಿಗೆ. ಅಲ್ಲಿಂದ ನಾ‍ಲ್ಕು ಮೈಲಿಯೊಳಗೆ, ಹೊಸ ಚಾದರ ಕೊಳ್ಳಲಾರದೆ, ಉಚಿತವಾಗಿ ಕೊಟ್ಟರೆ ತೆಗೆದುಕೊಳ್ಳಲು ಮನಸ್ಸೊಪ್ಪದ ಸಂಸಾರಗಳಿವೆ. ಇವೆರಡರ ನಡುವೆ ಇರಬೇಕಾದುದು ಒಂದು ಬಾಗಿಲು, ಒಂದು ಮೇಜು, ಒಂದು ಬೆಲೆಚೀಟಿ. ಭರತಖಂಡದಲ್ಲಿ ಈ ದಿಕ್ಕಿನ ಪ್ರಯತ್ನ ನಡೆದಿಲ್ಲವೆಂದಲ್ಲ. ದಿಲ್ಲಿಯ ಅಂಶು ಗುಪ್ತರು 1999ರಲ್ಲಿ ಸ್ಥಾಪಿಸಿದ ಗೂಂಜ್ ಎಂಬ ಸಂಸ್ಥೆಯು ನಗರಗಳ ಹಳೆಯ ಬಟ್ಟೆಯನ್ನು ಸಂಗ್ರಹಿಸಿ, ಹಳ್ಳಿಯವರು ತಮ್ಮೂರ ಬಾವಿ ತೋಡಿದ, ದಾರಿ ಸರಿಪಡಿಸಿದ ಶ್ರಮಕ್ಕೆ ಪ್ರತಿಫಲವಾಗಿ ಅದನ್ನು ಸಲ್ಲಿಸುತ್ತ ಬಂದಿದೆ. ಈ ಕಾರ್ಯಕ್ಕಾಗಿ 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪಾರಿತೋಷಕವೂ ದೊರೆಯಿತು. ಬಡವರಿಗೆ ಬೇಕಾದುದು ಕೆಲಸವೆಂದು ಮಹಾತ್ಮರು ಹೇಳಿದ ಮಾತಿಗೂ ಈ ಕ್ರಮಕ್ಕೂ ಇರುವ ಸಾಮ್ಯವನ್ನು ವಾಚಕರೇ ಕಾಣಬಹುದು.

ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಒಂದೊಂದು ಧರ್ಮಾರ್ಥದ ಅಂಗಡಿ ಏಳಬೇಕೆಂಬುದು ನನ್ನ ಆಶೆ. ಆದರೆ ಹಸುರು ನೂಲಿನ ಅಂಗಿಯನ್ನು ತೊಟ್ಟವನಾದುದರಿಂದ ಮೂರು ನಿಯಮಗಳನ್ನು ಸೂಚಿಸುವುದಕ್ಕೆ ಅಪ್ಪಣೆ ಬೇಡುತ್ತೇನೆ. ಮೊದಲನೆಯದು, ನಾವು ನಾಳೆ ಉಟ್ಟು ನೆಂಟರ ಮನೆಗೆ ಹೋಗಲು ಒಪ್ಪದ ಬಟ್ಟೆಯನ್ನು ಅಲ್ಲಿಗೆ ಕೊಡಬಾರದು, ಅಂಥದು ಮಸಿಅರಿವೆಯಾಗಲಿ. ಎರಡನೆಯದು, ಕೊಟ್ಟವರ ಹೆಸರನ್ನು ಎಲ್ಲಿಯೂ ಬರೆಯಬಾರದು, ಪೇಪರಿನಲ್ಲಿ ಭಾವಚಿತ್ರವನ್ನೂ ಹಾಕಿಸಬಾರದು. ಮೂರನೆಯದು, ಎಷ್ಟು ಅಲ್ಪವಾದರೂ ಸರಿ, ಬೆಲೆಯಿಲ್ಲದೆ ಏನನ್ನೂ ಕೊಡಬಾರದು. ಕೊಳ್ಳುವವರ ಸಾಲಿನಲ್ಲಿ ಉಳ್ಳವರೂ ನಿಲ್ಲಬೇಕು. ಉಳ್ಳವರು ಕೊಳ್ಳದ ಅಂಗಡಿಯು ಹೆಸರಿಗೆ ಅಂಗಡಿಯಾದರೂ ಹತ್ತನೆಯ ಅಧ್ಯಾಯದ ಉಗ್ರಾಣವೇ ಆಗುವುದು.

ನನ್ನ ಮಗಳು ವ್ಯಾಸಂಗ ಮುಗಿಸಿ ಕಳೆದ ತಿಂಗಳು ಊರಿಗೆ ಬಂದಳು. ನಿಲುವಂಗಿ ಎಲ್ಲಿಯೆಂದು ಕೇಳಿದೆನು. ಈ ಸೆಕೆಯ ಊರಿಗೆ ಅದೇಕೆಂದು ಅಲ್ಲಿಯ ಅಂಗಡಿಗೇ ಹಿಂದಿರುಗಿಸಿ ಬಂದಳಂತೆ. ಬರುವ ಚಳಿಗಾಲಕ್ಕೆ ಅದನ್ನು ಇನ್ನಾರೋ ಬೆಲೆ ಕೊಟ್ಟು ಕೊಂಡು ತೊಡುವರು. ಈ ಲೇಖನವನ್ನು ಓದಿದವರು ತಮ್ಮ ತಮ್ಮ ಊರಿನಲ್ಲಿ ಈ ವಿಷಯವನ್ನು ನಾಲ್ಕು ಜನರೊಡನೆ ಆಲೋಚಿಸಿ, ತಮಗೆ ತೋಚಿದುದನ್ನು ಈ ಪತ್ರಿಕೆಗೆ ಬರೆದು ತಿಳಿಸುವರಾದರೆ ನನ್ನ ಶ್ರಮ ಸಾರ್ಥಕವಾದಂತೆ ಭಾವಿಸುವೆನು.